ಎಡಗಿವಿಯ ನರಹುಲಿ

ಲ್ಯಾಬಕ್ಕನಿಗೆ ನಿಜವಾದ ಸಿಟ್ಟು ಬಂದಾಗ ದನಿ ಏರುವುದಿಲ್ಲ, ಇಳಿಯುತ್ತದೆ. ಆ ಕೊಟ್ಟಿಗೆಯಲ್ಲಿ ಕೆಲಸ ಮಾಡಿದವರಿಗೆಲ್ಲ ಇದು ಗೊತ್ತು. ಅವಳು ಕೂಗಾಡುತ್ತಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬಕೆಟ್ಟು ಸರಿಯಾಗಿ ತೊಳೆದಿಲ್ಲ, ನಲ್ಲಿ ತೊಟ್ಟಿಕ್ಕುತ್ತಿದೆ, ಮೇವು ಕತ್ತರಿಸುವ ಯಂತ್ರದ ಮೇಲೆ ಯಾರೋ ಅಂಗಿ ಒಣಹಾಕಿದ್ದಾರೆ ಅಂತ ದಿನಕ್ಕೆ ಹತ್ತು ಸಲ ಕೂಗುವುದು ಅವಳಿಗೆ ಉಸಿರಾಟದಷ್ಟು ಸಹಜ. ಆದರೆ ದನಿ ತಗ್ಗಿತೆಂದರೆ, ಕೈಯಲ್ಲಿದ್ದದ್ದನ್ನು ಅಲ್ಲೇ ಕೆಳಗಿಟ್ಟು ದೂರ ಸರಿಯುವುದೇ ಕ್ಷೇಮ.

ಆ ಮಂಗಳವಾರ ಬೆಳಿಗ್ಗೆ ಅವಳ ದನಿ ತಗ್ಗಿತ್ತು.

"ಹತ್ತು," ಅಂದಳು.

ಬೇಲಿಯ ಆಚೆ ಬೀಡಿ ಹಚ್ಚುತ್ತಿದ್ದ ಅವಳ ತಮ್ಮ, ಕಡ್ಡಿಯನ್ನು ಹಾಗೇ ಹಿಡಿದುಕೊಂಡ. "ಏನು ಹತ್ತು?"

"ಇಪ್ಪತ್ತಮೂರು ಕಡಸಿನಲ್ಲಿ ಹತ್ತಕ್ಕೆ ನರಹುಲಿ. ಹೋದ ವಾರ ನೋಡಿದಾಗ ಮೂರಕ್ಕೆ ಇತ್ತು. ಅವತ್ತೇ ಹೇಳಿದೆ. ನೀನು ಏನಂದೆ?"

"ಉಣ್ಣೆ ಕಚ್ಚಿರಬೇಕು ಅಂದೆ."

"ಉಣ್ಣೆ ಕಚ್ಚಿದ್ರೆ ಹೂಕೋಸು ಬೆಳೀತದಾ?"

ತಮ್ಮನ ಬೆರಳಿಗೆ ಕಡ್ಡಿಯ ಬೆಂಕಿ ತಗುಲಿತು. ಅವನು ಕೈ ಕೊಡವಿಕೊಂಡು ಒಳಗೆ ಬಂದು ನೋಡಿದ. ಹತ್ತಿರದ ಕಡಸಿನ ಕಿವಿಯ ಒಳಗಡೆ ಬೂದುಬಣ್ಣದ ಗಂಟುಗಳು ಗೊಂಚಲು ಕಟ್ಟಿಕೊಂಡು ನಿಂತಿದ್ದವು. ಮುಟ್ಟಿದರೆ ಒಣಗಿದ ಕೊಂಬಿನ ಹಾಗೆ ಗಟ್ಟಿ, ತುದಿ ಮಾತ್ರ ಸೀಳಿ ಸೀಳಿ ಒರಟು. ಕೆಲವು ಕಾಳಿನಷ್ಟು, ಒಂದೆರಡು ಹೆಬ್ಬೆರಳಿನ ತುದಿಯಷ್ಟು. ಕಡಸಿಗೇನೋ ಅದರ ಪರಿವೆಯೇ ಇರಲಿಲ್ಲ. ಅದು ಆರಾಮವಾಗಿ ಮೇವು ಅಗಿಯುತ್ತಿತ್ತು.

ಪರಿವೆ ಇದ್ದದ್ದು ಮನುಷ್ಯರಿಗೆ. ಅಕ್ಕ-ತಮ್ಮ ಆರು ತಿಂಗಳ ಕರುಗಳನ್ನು ತಂದು, ಸಾಕಿ, ಗಬ್ಬಕ್ಕೆ ಬರುವ ವಯಸ್ಸಿಗೆ ದೊಡ್ಡ ಡೈರಿಗಳಿಗೆ ಮಾರುವವರು. ಬರುವ ಸೋಮವಾರ ಒಂದು ಡೈರಿಯವರು ಬಂದು ಇಪ್ಪತ್ತು ಕಡಸು ಆರಿಸಿಕೊಂಡು ಹೋಗುವುದಿತ್ತು. ಮೈಮೇಲೆ ನರಹುಲಿ ಇರುವ ದನವನ್ನು ಯಾವ ಡೈರಿಯೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅದು ಒಂದರಿಂದ ಇನ್ನೊಂದಕ್ಕೆ ಅಂಟುವ ವೈರಸ್.

ಇದನ್ನು ತಮ್ಮನಿಗೆ ಹೇಳಿಕೊಡಬೇಕಾದವಳು ಅವಳೇ. ಪ್ರಾಣಿಶಾಸ್ತ್ರ ಓದಿ, ಒಂಬತ್ತು ವರ್ಷ ಕಾಲೇಜಿನ ಲ್ಯಾಬಿನಲ್ಲಿ ಗಾಜಿನ ಕೊಳವೆ ತೊಳೆಸಿ, ದ್ರಾವಣ ಬೆರೆಸಿ, ಹುಡುಗರ ದಾಖಲೆ ಪುಸ್ತಕ ತಿದ್ದಿ, ಕಾಲೇಜಿನವರು ವಿಜ್ಞಾನ ವಿಭಾಗವನ್ನೇ ಮುಚ್ಚಿದ ಮೇಲೆ ಕೊಟ್ಟಿಗೆಗೆ ಬಂದವಳು. ಬರುವಾಗ ಹೆಸರೂ ಜೊತೆಗೇ ಬಂತು. ಸುತ್ತಲಿನ ದನ ಸಾಕುವವರಿಗೆಲ್ಲ ಅವಳು ಲ್ಯಾಬಕ್ಕ. ಕರುವಿಗೆ ಭೇದಿಯಾದರೆ ಡಾಕ್ಟರಿಗಿಂತ ಮೊದಲು ಅವಳಿಗೆ ಫೋನು. ಕರುಗಳ ಕಿವಿಗೆ ನಂಬರಿನ ಬಿಲ್ಲೆ ಹಾಕಿಸಬೇಕಾದರೂ ಹನ್ನೆರಡು ಮನೆಯವರು ಅವಳನ್ನೇ ಕರೆಯುತ್ತಿದ್ದರು. "ಅಕ್ಕ ಹಾಕಿದ ಬಿಲ್ಲೆಯ ಕಿವಿ ಕೀವು ಕಟ್ಟೋದಿಲ್ಲ" ಅನ್ನುವುದು ಅವರ ಮಾತು. ಆ ಮಾತು ಕೇಳಿದಾಗ ಅವಳು ಏನೂ ಆಗದವಳ ಹಾಗೆ ಮುಖ ತಿರುಗಿಸುತ್ತಿದ್ದಳು. ಆದರೆ ಮನೆಗೆ ಹೋಗುವ ದಾರಿಯುದ್ದಕ್ಕೂ ಅದನ್ನು ಬಾಯಲ್ಲಿ ಕಲ್ಲುಸಕ್ಕರೆಯಂತೆ ಇಟ್ಟುಕೊಂಡಿರುತ್ತಿದ್ದಳು.

"ಎಲ್ಲಿಂದ ಬಂತು ಇದು?" ಅಂದ ತಮ್ಮ.

ಅವಳು ಕೊಟ್ಟಿಗೆಯ ಕೊನೆಯ ಮೂಲೆಗೆ ನಡೆದಳು. ಅಲ್ಲಿ ಹಣೆಯ ಮೇಲೆ ಬಿಳಿ ಚುಕ್ಕೆಯಿದ್ದ ಒಂದು ಸಣಕಲು ಕಡಸು ಕಟ್ಟಿತ್ತು. ಎಲ್ಲಕ್ಕಿಂತ ದೊಡ್ಡ ಗೊಂಚಲು ಇದ್ದದ್ದು ಅದರ ಕಿವಿಯಲ್ಲಿ. ಅದರ ಭಾರಕ್ಕೆ ಕಿವಿಯೇ ಜೋತು ಬಿದ್ದಿತ್ತು.

ಅದು ಅವರ ಕಡಸಲ್ಲ, ಗೊರಸಣ್ಣನದು.

ಗೊರಸಣ್ಣ ಅಂದರೆ ನಲವತ್ತು ವರ್ಷದಿಂದ ದನಗಳ ಗೊರಸು ಕೆತ್ತುತ್ತಿದ್ದ ಮುದುಕ. ಬೇರೆ ಕಡೆ ಕೆಲಸ ಕಡಿಮೆಯಾದ ಮೇಲೆ ಇವರ ಕೊಟ್ಟಿಗೆಯಲ್ಲೇ ಮೇವು, ನೀರು, ಗೊರಸು ಎಲ್ಲ ನೋಡಿಕೊಂಡಿದ್ದ. ನಲವತ್ತು ವರ್ಷ ಸಾವಿರಾರು ದನಗಳ ಕಾಲು ಹಿಡಿದವನಿಗೆ ತನ್ನದು ಅಂತ ಒಂದು ದನ ಇರಲಿಲ್ಲ. ನಾಲ್ಕು ತಿಂಗಳ ಹಿಂದೆ ಮಗಳ ಮನೆಯಿಂದ ಈ ಚುಕ್ಕಿಯನ್ನು ಹಗ್ಗ ಹಿಡಿದು ನಡೆಸಿಕೊಂಡು ಬಂದು, "ಮೂಲೆಯಲ್ಲಿ ಒಂದು ಗೂಟ ಕೊಡಿ ಅಕ್ಕ, ಸಾಕು" ಅಂದಿದ್ದ. ಅವಳು ಕೊಟ್ಟಿದ್ದಳು.

ಈಗ ಅವನು ಕಂಬಿಗಳ ನಡುವೆ ಒಂದು ಕಡಸನ್ನು ನಿಲ್ಲಿಸಿ, ಅದರ ಹಿಂಗಾಲನ್ನು ತೊಡೆಯ ಮೇಲಿಟ್ಟುಕೊಂಡು ಗೊರಸು ಕೆತ್ತುತ್ತಿದ್ದ.

"ಆ ಕಾಲು ಬಿಡಿ," ಅಂದಳು ಲ್ಯಾಬಕ್ಕ.

ದನಿ ಕೇಳಿ ಗೊರಸಣ್ಣ ತಕ್ಷಣ ಬಿಟ್ಟ.

"ನಿಮ್ಮ ಚುಕ್ಕಿಯನ್ನ ಇವತ್ತೇ ಕರ್ಕೊಂಡು ಹೋಗಿ. ಈಗಲೇ."

"ಎಲ್ಲಿಗೆ?"

"ಎಲ್ಲಿಂದ ತಂದ್ರೋ ಅಲ್ಲಿಗೆ. ಒಂಬತ್ತು ಕಡಸಿಗೆ ರೋಗ ಹಂಚಿದೆ ಅದು."

ಗೊರಸಣ್ಣ ಚಾಕುವನ್ನು ಪ್ಯಾಂಟಿಗೆ ಒರೆಸಿಕೊಂಡು ನಿಧಾನಕ್ಕೆ ಎದ್ದ. "ಅಕ್ಕ, ಅದು ಬಂದಾಗ ಅದರ ಮೈಮೇಲೆ ಒಂದು ಗೀರೂ ಇರಲಿಲ್ಲ. ನೀವೇ ಕಿವಿ, ಬಾಯಿ, ಬಾಲ ಎಲ್ಲ ಎತ್ತಿ ನೋಡಿದ್ರಿ. ಹೆಣ್ಣು ನೋಡೋಕೆ ಬಂದವರೂ ಅಷ್ಟು ನೋಡಲ್ಲ ಅಂತ ನಾನೇ ನಗಾಡಿದ್ದೆ."

"ಇದು ಮೈಯೊಳಗೆ ಎರಡು ಮೂರು ತಿಂಗಳು ಅಡಗಿರ್ತದೆ. ಆಮೇಲೆ ಹೊರಗೆ ಕಾಣೋದು."

"ಹಾಗಿದ್ರೆ ನಿಮ್ಮ ಬೇರೆ ಕಡಸಿನೊಳಗೂ ಅಡಗಿರಬಹುದಲ್ಲ? ಚುಕ್ಕಿಯದ್ದೇ ಅಂತ ಹೇಗೆ—"

"ನನಗೆ ಹೇಳಿಕೊಡ್ತೀಯಾ ನೀನು?"

ಮಾತು ಬಾಯಿಂದ ಬಿದ್ದಾಗ ಇಬ್ಬರಿಗೂ ಕೇಳಿಸಿತು. ಏಳು ವರ್ಷದಲ್ಲಿ ಅವಳು ಅವನನ್ನು ನೀವು ಬಿಟ್ಟು ಮಾತಾಡಿಸಿರಲಿಲ್ಲ. ಕಂಬಿಯೊಳಗಿನ ಕಡಸು ಸಗಣಿ ಹಾಕಿತು. ಗೊರಸಣ್ಣ ಬಾಗಿ ತನ್ನ ಎರಡು ಚಾಕು, ಸಾಣೆಕಲ್ಲು, ಗೊರಸಿನ ಇಕ್ಕಳ ಎಲ್ಲವನ್ನೂ ಒಂದೊಂದಾಗಿ ಗೋಣಿಚೀಲದಲ್ಲಿ ಸುತ್ತಿದ.

"ಇಲ್ಲ ಮೇಡಂ," ಅಂದ. "ಓದಿದವರಿಗೆ ನಾನೇನು ಹೇಳಿಕೊಡೋದು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತ ಕೇಳಿದ್ದೆ, ಇವತ್ತು ನೋಡಿದೆ."

ಅವನು ಚುಕ್ಕಿಯ ಹಗ್ಗ ಬಿಚ್ಚಿ, ಅದನ್ನು ಅವಳ ಮುಂದೆಯೇ ನಡೆಸಿಕೊಂಡು ಗೇಟು ದಾಟಿದ. ಗೇಟಿನ ಪಕ್ಕದ ಕಪ್ಪು ಹಲಗೆಯ ಮೇಲೆ ಲ್ಯಾಬಕ್ಕ ಸೀಮೆಸುಣ್ಣದಿಂದ, ಕಾಲೇಜಿನಲ್ಲಿ ಬರೆಯುತ್ತಿದ್ದ ಅದೇ ದುಂಡು ಅಕ್ಷರಗಳಲ್ಲಿ ಬರೆದಳು: ಹೊರಗಿನ ಕಡಸಿನಿಂದ ಇಲ್ಲಿ ನರಹುಲಿ ಹರಡಿದೆ. ಹೊರಗಿನ ದನಗಳನ್ನು ತರಬಾರದು. ಮಧ್ಯಾಹ್ನ ಹಿಂಡಿ ಅಂಗಡಿಗೆ ಹೋದಾಗ ಅಂಗಡಿಯವನಿಗೂ, ಅಲ್ಲಿ ಕೂತಿದ್ದ ನಾಲ್ಕು ಜನಕ್ಕೂ ಬಿಡಿಸಿ ಹೇಳಿದಳು. ಯಾರದು ಆ ಕಡಸು ಅಂತ ಅವರು ಕೇಳಿದರು. ಅದನ್ನೂ ಹೇಳಿದಳು. ಅವಳ ಲೆಕ್ಕದಲ್ಲಿ ಅದು ಚಾಡಿಯಲ್ಲ, ಎಚ್ಚರಿಕೆ.

ಬುಧವಾರ ಬೆಳಿಗ್ಗೆ ಅವಳು ಕೊಟ್ಟಿಗೆಗೆ ಬಂದಾಗ ನೆಲದ ಮೇಲೆ ರಕ್ತ ಇತ್ತು.

ತಮ್ಮ ಒಂದು ಕಡಸನ್ನು ಕಂಬಿಗೆ ಬಿಗಿದು ಅದರ ಕಿವಿ ಹಿಡಿದು ನಿಂತಿದ್ದ. ಅವನ ಕೈಯಲ್ಲಿ ಗಡ್ಡ ಹೆರೆಯುವ ಬ್ಲೇಡು. ಅಂಗಿಯ ಮೇಲೆ, ಕಂಬಿಯ ಮೇಲೆ, ಪಕ್ಕದ ಗೋಡೆಯ ಮೇಲೆ ಎಲ್ಲ ಕಡೆ ಕೆಂಪು ಹನಿ. ಕಡಸು ತಲೆ ಕೊಡವಿದಾಗಲೆಲ್ಲ ಇನ್ನಷ್ಟು.

"ಒಂದೇ ಒಂದು ಕೊಯ್ದು ನೋಡಿದೆ ಅಕ್ಕ," ಅಂದ. ಮುಖ ಬಿಳಿಚಿತ್ತು. "ಸೋಮವಾರದೊಳಗೆ ಎಲ್ಲ ತೆಗೆದು ಅರಿಶಿನ ಮೆತ್ತಿಬಿಟ್ರೆ ಅವರಿಗೆ ಗೊತ್ತಾಗಲ್ಲ ಅಂತ..."

"ಇದು ಉಗುರಲ್ಲೂ ಹೋಗೋದಲ್ಲ, ಕೊಡಲಿಯಲ್ಲೂ ಹೋಗೋದಲ್ಲ. ನಿನಗೆ ಬ್ಲೇಡು ಯಾರು ಕೊಟ್ರೋ? ಅದರ ಬುಡದಲ್ಲಿ ರಕ್ತನಾಳ ಇರ್ತದೆ. ಈ ಬ್ಲೇಡನ್ನ ಇನ್ನೊಂದರ ಕಿವಿಗೆ ಹಾಕಿದ್ರೆ ಅದಕ್ಕೂ ಅಂಟಿಸಿದ ಹಾಗೆ. ಇನ್ನೂ ಎಷ್ಟಕ್ಕೆ ಹಾಕಿದೆ?"

"ಇದೇ ಮೊದಲು. ದೇವರಾಣೆ."

"ಬ್ಲೇಡು ಕೊಡು."

ಅವನು ಕೊಟ್ಟ. ಅವಳು ಬಟ್ಟೆ ಮಡಚಿ ಕಿವಿಗೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ದನದ ಡಾಕ್ಟರಿಗೆ ಫೋನು ಮಾಡಿದಳು. ಡಾಕ್ಟರು ಬರುವವರೆಗೆ ಮುಕ್ಕಾಲು ಗಂಟೆ ಹಾಗೇ ಒತ್ತಿ ನಿಂತಳು. ತಮ್ಮ ಎರಡು ಸಲ "ನಾನು ಹಿಡೀತೀನಿ" ಅಂದ. ಎರಡು ಸಲವೂ ಅವಳು ಅವನ ಕಡೆ ನೋಡಲಿಲ್ಲ. ಅವಳಿಗೆ ಎಲ್ಲರ ಮೇಲೂ ಸಿಟ್ಟು: ತಮ್ಮನ ಮೇಲೆ, ಡೈರಿಯವರ ಮೇಲೆ, ನಿನ್ನೆಯಿಂದ ಗೊರಸು ಅರ್ಧ ಕೆತ್ತಿಸಿಕೊಂಡು ಕುಂಟುತ್ತಿದ್ದ ಆ ಕಡಸಿನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಹಗ್ಗ ಹಿಡಿದು ತಿರುಗಿ ನೋಡದೆ ಹೋದ ಮುದುಕನ ಮೇಲೆ. ಕೂಗಾಡಿದ್ದರೆ ಆಗುತ್ತಿತ್ತು. ಮೇಡಂ ಅಂದುಬಿಟ್ಟ.

ಡಾಕ್ಟರು ಬಂದು ಎರಡು ಹೊಲಿಗೆ ಹಾಕಿದರು. ಅವರು ಮಾತು ಕಡಿಮೆ ಆಡುವ ಮನುಷ್ಯ. ಆಡಿದರೆ ಅರ್ಧ ತಮಾಷೆ. ಉಳಿದ ಕಡಸುಗಳನ್ನೂ ಸಾಲಾಗಿ ನೋಡಿಕೊಂಡು ಬಂದರು.

"ಇದಕ್ಕೆ ಔಷಧಿ ಅಂದ್ರೆ ಕ್ಯಾಲೆಂಡರು," ಅಂದರು. "ನಾಲ್ಕೈದು ತಿಂಗಳಲ್ಲಿ ತಾವಾಗೇ ಉದುರ್ತವೆ. ಒಂದು ಸಲ ಬಂದು ಹೋದ ಕಡಸಿಗೆ ಸಾಮಾನ್ಯವಾಗಿ ಮತ್ತೆ ಬರಲ್ಲ. ಅಲ್ಲಿವರೆಗೆ ಬೇರೆ ಕಟ್ಟಿ, ಹಗ್ಗ ಬೇರೆ ಇಡಿ, ಕಂಬಿ ಉಜ್ಜಿ ತೊಳೀರಿ. ಕೊಯ್ಯೋದು ಬೇಡ. ಗಡ್ಡ ಹೆರೆಯೋದಿದ್ರೆ ಇವರು ತಮ್ಮದೇ ಹೆರ್ಕೊಳ್ಲಿ."

ತಮ್ಮ ತಲೆ ತಗ್ಗಿಸಿದ.

ಡಾಕ್ಟರು ಕೈ ತೊಳೆದುಕೊಂಡು, ಬೈಕು ಹತ್ತಿ, ಒದೆಯುವ ಮೊದಲು ತಿರುಗಿದರು. "ಒಂದು ಕೇಳ್ತೀನಿ. ನಿಮ್ಮ ಕಡಸುಗಳೆಲ್ಲ ಎಡಮಗ್ಗುಲಿಗೇ ಮಲಗ್ತಾವಾ?"

"ಯಾಕೆ?"

"ಎಲ್ಲಕ್ಕೂ ಎಡಗಿವಿಯಲ್ಲೇ ಇದೆ ನೋಡಿ. ಕುತ್ತಿಗೆಯಲ್ಲಿಲ್ಲ, ಮೂತಿಯಲ್ಲಿಲ್ಲ. ಪಾರ್ಟಿ ಕಟ್ಟಿಕೊಂಡ ಹಾಗಿದೆ." ನಕ್ಕು, ಬೈಕು ಒದ್ದು ಹೋದರು.

ಲ್ಯಾಬಕ್ಕನಿಗೆ ಮೊದಲು ಬಂದದ್ದು ಸಿಟ್ಟೇ. ಇಲ್ಲಿ ಮನೆಗೆ ಬೆಂಕಿ ಬಿದ್ದಿರುವಾಗ ಇವರಿಗೆ ನಗೆ. ಆಮೇಲೆ ಅವಳು ತನ್ನ ಪುಸ್ತಕ ತೆಗೆದು ಮಂಗಳವಾರದ ಪುಟ ನೋಡಿದಳು. ಹತ್ತು ಕಡಸುಗಳ ಮುಂದೆ "ಕಿವಿ" ಅಂತ ಬರೆದಿದ್ದಳು. ಎಡವೋ ಬಲವೋ ಬರೆದಿರಲಿಲ್ಲ. ಒಂಬತ್ತು ವರ್ಷ ಹುಡುಗರಿಗೆ, "ಯಾವ ಕಡೆ ಅಂತ ಬರೆಯದ ಚಿತ್ರ ಚಿತ್ರವೇ ಅಲ್ಲ" ಅಂತ ಸೊನ್ನೆ ಕೊಟ್ಟವಳು ಅವಳು.

ಕೊಟ್ಟಿಗೆಗೆ ಸೇರಿದ ಸಣ್ಣ ಕೋಣೆಯಲ್ಲಿ ಒಂದು ಮೇಜು, ಒಂದು ಕುರ್ಚಿ, ಔಷಧಿಯ ಕಪಾಟು. ಅವಳು ಮೇಜಿನ ಮೇಲೆ ಬಿಳಿ ಹಾಳೆ ಹಾಸಿ, ಪ್ರತಿ ಕಡಸಿಗೂ ಒಂದು ತಲೆ ಮತ್ತು ಎರಡು ಕಿವಿಯ ರೇಖಾಚಿತ್ರ ಬರೆದಳು. ಮತ್ತೆ ಹೋಗಿ ಒಂದೊಂದನ್ನೂ ಹಿಡಿದು ನೋಡಿ, ಗಂಟು ಇರುವಲ್ಲಿ ಚುಕ್ಕೆ ಇಟ್ಟಳು. ಒಂಬತ್ತಕ್ಕೂ ಎಡಗಿವಿ. ಚುಕ್ಕಿಯದು ನೆನಪಿನಿಂದ: ಜೋತು ಬಿದ್ದದ್ದು ಎಡಗಿವಿಯೇ. ಒಂಬತ್ತರಲ್ಲೂ ಗಂಟುಗಳು ಒಂದೇ ಜಾಗದ ಸುತ್ತ ಇದ್ದವು. ಹಳದಿ ಬಿಲ್ಲೆ ಚುಚ್ಚಿದ ತೂತಿನ ಸುತ್ತ.

ಅವಳು ಬಿಲ್ಲೆ ಹಾಕಿದ ದಿನದ ಪುಟ ತೆರೆದಳು. ಮೂರೂವರೆ ತಿಂಗಳ ಹಿಂದಿನ ಒಂದು ಮಧ್ಯಾಹ್ನ, ಒಂದೇ ಸರದಿಯಲ್ಲಿ 301ರಿಂದ 323ರವರೆಗೆ ಇಪ್ಪತ್ತಮೂರು ಬಿಲ್ಲೆ. 319 ಚುಕ್ಕಿ; ನಮ್ಮ ಹುಡುಗಿಗೂ ಒಂದು ಓಲೆ ಹಾಕಿಬಿಡಿ ಅಂತ ಗೊರಸಣ್ಣ ಅದನ್ನೂ ಸಾಲಿಗೆ ನಿಲ್ಲಿಸಿದ್ದ. ಈಗ ನರಹುಲಿ ಇರುವವುಗಳ ನಂಬರುಗಳಿಗೆ ಅವಳು ಗೆರೆ ಎಳೆದಳು. 312, 313, 315, 316, 317, 318, 319, 320, 321, 323. ಮಧ್ಯದಲ್ಲಿ ಎರಡು ತಪ್ಪಿಸಿಕೊಂಡಿದ್ದವು. 301ರಿಂದ 311ರವರೆಗೆ ಒಂದಕ್ಕೂ ಇಲ್ಲ.

ಎಲ್ಲವೂ ಒಂದೇ ತೊಟ್ಟಿಯಲ್ಲಿ ನೀರು ಕುಡಿದವು, ಒಂದೇ ಗೋಡೆಗೆ ಮೈ ಉಜ್ಜಿದವು. ರೋಗ ಮೂಲೆಯಲ್ಲಿ ಕಟ್ಟಿದ್ದ ಚುಕ್ಕಿಯಿಂದ ಹರಡಿದ್ದರೆ ಅದಕ್ಕೆ ನಂಬರು ಓದಲು ಬರುತ್ತಿರಲಿಲ್ಲ. ಇದು ಸರದಿಯಲ್ಲಿ ಹೋಗಿತ್ತು. ಸರದಿಯಲ್ಲಿ ಹೋಗಿದ್ದು ಒಂದೇ ವಸ್ತು: ಅವಳ ಬಿಲ್ಲೆ ಹಾಕುವ ಇಕ್ಕಳ.

311ರ ಮುಂದೆ ಅವಳದೇ ದುಂಡು ಅಕ್ಷರದಲ್ಲಿ ಟಿಪ್ಪಣಿ ಇತ್ತು. "ಎಡಗಿವಿಯ ಅಂಚಿನಲ್ಲಿ ಸಣ್ಣ ಗಂಟು. ಉಣ್ಣೆ ಕಚ್ಚಿದ್ದಿರಬಹುದು."

ಅವಳು ಎದ್ದು ಹೋಗಿ 311ನ್ನು ನೋಡಿದಳು. ಕಿವಿ ನುಣ್ಣಗಿತ್ತು. ಅಂಚಿನಲ್ಲಿ ಒಂದು ತಿಳಿ ಕಲೆ ಮಾತ್ರ. ಅದಕ್ಕೆ ಬಂದಿತ್ತು, ಕ್ಯಾಲೆಂಡರು ವಾಸಿ ಮಾಡಿ ಹೋಗಿತ್ತು. ಅದು ಮಿಕಮಿಕ ಅವಳನ್ನೇ ನೋಡಿ ಅವಳ ತೋಳು ನೆಕ್ಕಲು ಬಂತು. ಅವಳು ಅದರ ಮೂತಿಯನ್ನು ಪಕ್ಕಕ್ಕೆ ತಳ್ಳಿದಳು.

ಒಂದು ಕಿವಿಗೂ ಇನ್ನೊಂದಕ್ಕೂ ನಡುವೆ ಇಕ್ಕಳವನ್ನು ನೇರಳೆ ನೀರಿನಲ್ಲಿ ಅದ್ದುವುದು ಅವಳ ನಿಯಮ. ಅವತ್ತೂ ಇಪ್ಪತ್ತಮೂರು ಸಲ ಅದ್ದಿದ್ದಳು. ಆ ವಿಷಯದಲ್ಲಿ ಅವಳ ಕಡೆ ಯಾರೂ ಬೆರಳು ತೋರಿಸುವ ಹಾಗಿರಲಿಲ್ಲ. ಪೊಟ್ಯಾಸಿಯಂ ಪರ್ಮಾಂಗನೇಟ್ ಹರಳು ಹಾಕಿ ಬೆಳಿಗ್ಗೆಯೇ ಡಬ್ಬಿ ತುಂಬಿಸಿಟ್ಟಿದ್ದಳು. ಆದರೆ ಒಂದೊಂದು ಕಿವಿಯ ರಕ್ತ, ಕೂದಲು, ಕೊಳೆ ಎಲ್ಲ ಅದೇ ಡಬ್ಬಿಗೆ ಇಳಿದು ಹನ್ನೊಂದನೆಯ ಕಿವಿಯ ಹೊತ್ತಿಗೆ ನೇರಳೆ ಹೋಗಿ ಕಂದು ಆಗಿತ್ತು. ನೇರಳೆ ಕಂದಾದರೆ ಅದು ಸತ್ತ ನೀರು. ಅದಕ್ಕೆ ಆಮೇಲೆ ಯಾವ ಕೀಟಾಣುವೂ ಹೆದರುವುದಿಲ್ಲ. ಮೊದಲ ವರ್ಷದ ಹುಡುಗರಿಗೆ ಅವಳು ಇದನ್ನು ಗಾಜಿನ ಕೊಳವೆಯಲ್ಲಿ ಮಾಡಿ ತೋರಿಸುತ್ತಿದ್ದಳು.

ಆ ದಿನ ಕಡಸು ಹಿಡಿಯಲು ಪಕ್ಕದಲ್ಲೇ ನಿಂತಿದ್ದವನು ಗೊರಸಣ್ಣ. ಅವನು ಡಬ್ಬಿಯೊಳಗೆ ಇಣುಕಿ ಹೇಳಿದ್ದು ಈಗ ಅಕ್ಷರ ಅಕ್ಷರವಾಗಿ ನೆನಪಾಯಿತು. "ಅಕ್ಕ, ನೀರು ಚಹಾದ ಡಿಕಾಕ್ಷನ್ ಆಗಿದೆ. ಬೇರೆ ತರಲಾ?" ಅವಳಿಗೆ ಅವಸರವಿತ್ತು, ಅವಸರಕ್ಕಿಂತ ಹೆಚ್ಚಾಗಿ, ಗೊರಸು ಕೆತ್ತುವವನು ತನಗೆ ನೀರಿನ ಬಣ್ಣ ಹೇಳಿಕೊಡುವುದು ಸಹ್ಯವಾಗಿರಲಿಲ್ಲ. "ನೀವು ಗೊರಸು ನೋಡ್ಕೊಳ್ಳಿ," ಅಂದಿದ್ದಳು. "ಔಷಧಿ ನನಗೆ ಬಿಡಿ."

ಅವಳು ಡಾಕ್ಟರಿಗೆ ಫೋನು ಮಾಡಿ ಎಲ್ಲ ಹೇಳಿದಳು.

"ಹೊಸ ನೀರಾಗಿದ್ರೂ ಖಾತ್ರಿ ಇರಲಿಲ್ಲ," ಅಂದರು ಅವರು. "ಈ ವೈರಸ್ಸು ಮೊಂಡು. ಇಕ್ಕಳದ ಸೂಜಿಯನ್ನ ಉಜ್ಜಿ ತೊಳೆದು ಚೆನ್ನಾಗಿ ಕುದಿಸ್ಬೇಕು. ಒಂದೆರಡು ಸೂಜಿ ಹೆಚ್ಚಿಗೆ ಇಟ್ಕೊಂಡ್ರೆ ಒಳ್ಳೇದು. ಹೋಗ್ಲಿ ಬಿಡಿ, ತುಂಬಾ ಜನ ಮಾಡೋ ತಪ್ಪು."

ಆ ಮಾತಿನಲ್ಲಿ ಒಂದು ಕಿಂಡಿಯಿತ್ತು. ತೂರಿಕೊಂಡು ಹೋಗುವಷ್ಟು ದೊಡ್ಡದು. ಹೊಸ ನೀರಾಗಿದ್ದರೂ ಆಗುತ್ತಿತ್ತಂತೆ. ತುಂಬಾ ಜನ ಮಾಡುತ್ತಾರಂತೆ. ಅವಳು ಆ ಕಿಂಡಿಯ ಮುಂದೆ ಸ್ವಲ್ಪ ಹೊತ್ತು ನಿಂತೂ ನೋಡಿದಳು. ಹನ್ನೆರಡು ಮನೆಯ ಕರುಗಳ ಕಿವಿ ಕಣ್ಣಮುಂದೆ ಬಂದವು. ಆ ಡಬ್ಬಿ, ಆ ಇಕ್ಕಳ ಅಲ್ಲಿಗೂ ಹೋಗಿದ್ದವು. ಅಲ್ಲಿ ಎಷ್ಟಕ್ಕೆ ಬಂದಿದೆಯೋ?

ಚಹಾ ತಂದಿಟ್ಟ ತಮ್ಮನಿಗೆ ಹಾಳೆ ತೋರಿಸಿದಳು. ಅವನಿಗೆ ಲೆಕ್ಕ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಬಾಗಿಲು ಮುಂದೆ ಮಾಡಿದ.

"ಇದು ಗೊತ್ತಿರೋದು ನಮ್ಮಿಬ್ಬರಿಗೆ, ಡಾಕ್ಟರಿಗೆ. ಅವರು ಯಾರಿಗೂ ಹೇಳಲ್ಲ."

"ಗೊರಸಣ್ಣ ಎಲ್ಲಿದ್ದಾರೆ?"

ತಮ್ಮ ಚಹಾ ಲೋಟದೊಳಗೆ ನೋಡಿದ. "ಮಗಳ ಮನೆಯವರೂ ಬೇಡ ಅಂದ್ರಂತೆ, ಅವರ ವಠಾರದವರೂ ಕಟ್ಟೋಕೆ ಬಿಟ್ಟಿಲ್ಲವಂತೆ. ಹಿಂಡಿ ಅಂಗಡಿಯವನ ಹಿತ್ತಲು ಕೇಳಿದ್ರಂತೆ. ಅವನು, ಲ್ಯಾಬಕ್ಕನೇ ರೋಗ ಅಂತ ಹೇಳಿದ ಮೇಲೆ ನಾನು ಹೇಗೆ ಬಿಟ್ಟುಕೊಳ್ಲಿ ಅಂದನಂತೆ. ನಾಳೆ ಗುರುವಾರ ಅಲ್ವಾ. ದನದ ಅಂಗಳಕ್ಕೆ ಕಸಾಯಿಖಾನೆಯ ಲಾರಿ ಬರ್ತದೆ. ಅದಕ್ಕೆ ಕೊಡ್ತಾರಂತೆ."

"ನಿನಗೆ ಯಾವಾಗ ಗೊತ್ತಾಯ್ತು?"

"ಬೆಳಿಗ್ಗೆ."

"ಬ್ಲೇಡು ಹಿಡಿಯೋ ಮೊದಲಾ, ಆಮೇಲಾ?"

ತಮ್ಮ ಬಾಗಿಲು ತೆಗೆದು ಹೊರಗೆ ಹೋದ.

ದನದ ಅಂಗಳ ಅಂದರೆ ನಾಲ್ಕು ಕಡೆ ಕಂಬಿ ಹಾಕಿದ ಒಂದು ಸಿಮೆಂಟು ನೆಲ, ಮಧ್ಯೆ ತೂಕದ ಕಟ್ಟೆ, ಪಕ್ಕದಲ್ಲಿ ಗುಮಾಸ್ತನ ತಗಡಿನ ಗೂಡು. ಗುರುವಾರ ಬೆಳಿಗ್ಗೆ ಲ್ಯಾಬಕ್ಕ ಹೋಗುವಷ್ಟರಲ್ಲಿ ಲಾರಿ ಹಿಂಬಾಗಿಲು ಇಳಿಬಿಟ್ಟುಕೊಂಡು, ಇಂಜಿನ್ನು ಓಡುತ್ತಲೇ ನಿಂತಿತ್ತು. ಸಾಲಿನಲ್ಲಿ ಏಳೆಂಟು ಜನ. ಮುದಿ ಹಸುಗಳು, ಕಾಲು ಮುರಿದ ಒಂದು ಹೋರಿ. ಐದನೆಯವನು ಗೊರಸಣ್ಣ. ಚುಕ್ಕಿಯ ಗೊರಸುಗಳು ಹೊಸದಾಗಿ ಕೆತ್ತಿ, ಎಣ್ಣೆ ಸವರಿ, ಮಿರುಗುತ್ತಿದ್ದವು. ಲಾರಿ ಹತ್ತುವ ದನಕ್ಕೆ ಯಾರು ಗೊರಸು ಕೆತ್ತುತ್ತಾರೆ? ಅದನ್ನು ನೋಡಿ ಆದ ನೋವೂ ಅವಳಿಂದ ಸಿಟ್ಟಾಗಿಯೇ ಹೊರಬಂತು.

"ಇಲ್ಲೇನು ಮಾಡ್ತಿದ್ದೀರಿ?" ಅಂದಳು.

"ಮದುವೆ ದಿಬ್ಬಣ ಕರ್ಕೊಂಡು ಬಂದಿದ್ದೀನಿ. ಕಾಣಲ್ವಾ ಮೇಡಂ?"

ಹಿಂದಿನವನು ಕಿಸಕ್ಕನೆ ನಕ್ಕ. ಲ್ಯಾಬಕ್ಕ ಹತ್ತಿರ ಹೋಗಿ, ತಗ್ಗಿದ ದನಿಯಲ್ಲಿ, "ಚುಕ್ಕಿಯಿಂದ ಬಂದದ್ದಲ್ಲ. ನನ್ನ ಇಕ್ಕಳದಿಂದ," ಅಂದಳು.

"ಏನು? ಲಾರಿ ಸದ್ದು."

"ನನ್ನ ಇಕ್ಕಳದಿಂದ ಅಂಟಿದ್ದು."

"ಕೇಳ್ತಿಲ್ಲ."

ಕೇಳುತ್ತಿತ್ತೋ ಇಲ್ಲವೋ ಅವನಿಗೇ ಗೊತ್ತು. ಅವನ ಮುಖ ಗೋಡೆಯಂತಿತ್ತು. ಅವಳಿಗೆ ಕಾಲೇಜು ಬಿಟ್ಟ ಮೇಲೆ ಎಂದೂ ಬಾರದ ದನಿ ಆಗ ಬಂತು. ಐವತ್ತು ಹುಡುಗರ ಗದ್ದಲವನ್ನು ಕೊನೆಯ ಬೆಂಚಿನವರೆಗೆ ಸೀಳುತ್ತಿದ್ದ ದನಿ.

"ಈ ಕಡಸಿಗೆ ರೋಗ ಅಂಟಿಸಿದ್ದು ನಾನು! ನನ್ನ ಇಕ್ಕಳ! ನನ್ನ ಡಬ್ಬಿಯ ಸತ್ತ ನೀರು! ಕೇಳಿಸ್ತಾ ಈಗ?"

ಅಂಗಳ ತಿರುಗಿ ನೋಡಿತು. ಗುಮಾಸ್ತ ಗೂಡಿನಿಂದ ತಲೆ ಹೊರಗೆ ಹಾಕಿದ. ಲಾರಿಯ ಚಾಲಕ ಇಂಜಿನ್ನು ನಿಲ್ಲಿಸಿದ, ಚೆನ್ನಾಗಿ ಕೇಳಲಿ ಅಂತ.

ಸಾಲಿನಲ್ಲಿದ್ದ ಒಬ್ಬ ಹೆಂಗಸು, ಆ ಹನ್ನೆರಡು ಮನೆಗಳಲ್ಲಿ ಒಂದರವಳು, ಸೊಂಟಕ್ಕೆ ಕೈಯಿಟ್ಟಳು. "ಅಂದ್ರೆ ಅಕ್ಕ, ನಮ್ಮನೆ ಕರುವಿನ ಕಿವಿಯಲ್ಲಿ ಆಗಿರೋದು? ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ರೂ ಪಕ್ಕದ ಎಲೆಯ ನೊಣ ತೋರಿಸಿದ್ರಿ ಅನ್ನಿ."

"ಹೌದು," ಅಂದಳು ಲ್ಯಾಬಕ್ಕ. "ಇವತ್ತು ಮಧ್ಯಾಹ್ನ ನಿಮ್ಮನೆಗೇ ಬರ್ತೀನಿ. ಬೈಯೋದು ಉಳಿದಿದ್ರೆ ಅಲ್ಲಿ ಬೈರಿ."

"ಉಳಿದಿದೆ," ಅಂದಳು ಅವಳು.

ಗೊರಸಣ್ಣ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡ. "ಡಿಕಾಕ್ಷನ್ ಆಗಿದೆ ಅಂದಿದ್ದೆ," ಅಂದ.

"ಅಂದಿದ್ರಿ."

"ಗೊರಸು ನೋಡ್ಕೊಳ್ಳಿ ಅಂದ್ರಿ."

"ಅಂದೆ."

"ಎರಡು ದಿನ ಇದನ್ನ ಹಿಡ್ಕೊಂಡು ಬೀದಿ ಬೀದಿ ತಿರುಗಿದೀನಿ. ಕುಷ್ಠ ಬಂದವರನ್ನ ನೋಡಿದ ಹಾಗೆ ನೋಡಿದ್ರು ಜನ. ಇಲ್ಲಿ ಕೂಗಿಬಿಟ್ರೆ ಮುಗೀತಾ? ಗೇಟಿನ ಹತ್ತಿರ ಹಲಗೆ ಮೇಲೆ ಬರೆದಿದ್ದೀರಲ್ಲ, ಅದು? ಹಿಂಡಿ ಅಂಗಡಿಯಲ್ಲಿ ಹೇಳಿದ್ದು?"

"ಹಲಗೆ ಅಳಿಸ್ತೀನಿ."

"ಅಳಿಸಿದ್ರೆ ಆಗಲ್ಲ. ಬರೀಬೇಕು."

ಸಾಲು ಮುಂದಕ್ಕೆ ಸರಿಯಿತು. ಗುಮಾಸ್ತ, "ಏನ್ರೀ, ತೂಕಕ್ಕೆ ಹಾಕ್ತೀರೋ, ಇಲ್ಲ ನಾಟಕ ಮುಂದುವರಿಸ್ತೀರೋ?" ಅಂತ ಕೂಗಿದ. ಗೊರಸಣ್ಣ ಅವನ ಕಡೆಗೂ ನೋಡದೆ ಚುಕ್ಕಿಯ ಹಗ್ಗ ತಿರುಗಿಸಿ ಸಾಲಿನಿಂದ ಹೊರಬಂದ.

ದಾರಿಯುದ್ದಕ್ಕೂ ಅವನು ಮುಂದೆ, ಚುಕ್ಕಿ ನಡುವೆ, ಅವಳು ಹತ್ತು ಹೆಜ್ಜೆ ಹಿಂದೆ. ಹಿಂಡಿ ಅಂಗಡಿ ಬಂದಾಗ ಅವನು ನಿಂತ. ಅವಳು ಒಳಗೆ ಹೋಗಿ ಹೇಳಿದಳು. ಅಂಗಡಿಯವನು "ಹೌದಾ, ಛೆ ಛೆ" ಅಂದ; ಅವಳ ಬೆನ್ನು ತಿರುಗುವ ಮೊದಲೇ ಫೋನು ಎತ್ತಿಕೊಂಡ. ಸಂಜೆಯೊಳಗೆ ಎಲ್ಲ ಮನೆಗೂ ತಲುಪುತ್ತದೆ. ತಲುಪಲಿ ಅಂದುಕೊಂಡಳು. ಹಲ್ಲು ಕಚ್ಚಿಕೊಂಡೇ ಅಂದುಕೊಂಡಳು.

ಗೇಟಿನ ಹತ್ತಿರ ಗೊರಸಣ್ಣ ಮತ್ತೆ ನಿಂತ. ಅವಳು ಒದ್ದೆ ಬಟ್ಟೆಯಿಂದ ಹಲಗೆ ಒರೆಸಿ ಬರೆದಳು. ಅವನಿಗೆ ಓದು ನಿಧಾನ. ಅವಳು ಬರೆದ ಹಾಗೆಲ್ಲ ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದ. "ಇಲ್ಲಿ... ನರಹುಲಿ... ಹರಡಿದ್ದು... ಬಿಲ್ಲೆ ಹಾಕುವ... ಇಕ್ಕಳದಿಂದ."

"ಯಾರ ಇಕ್ಕಳ?" ಅಂದ.

ಅವಳು ಅಳಿಸಿ, ಮತ್ತೆ ಬರೆದಳು.

"ನನ್ನ," ಓದಿದ ಅವನು. "ಸ್ವಲ್ಪ ದಪ್ಪಗೆ ಬರೀರಿ. ದೂರಕ್ಕೆ ಕಾಣಲ್ಲ."

ಅವಳ ಕೈಯಲ್ಲಿ ಸೀಮೆಸುಣ್ಣ ಮುರಿಯಿತು. ಸಿಟ್ಟು ನೆತ್ತಿಗೇರಿತು, ಇವನಿಗೆ ಎಷ್ಟು ಸೊಕ್ಕು ಅಂತಲೂ ಅನ್ನಿಸಿತು, ಇವನು ಕೇಳುತ್ತಿರುವುದರಲ್ಲಿ ಒಂದು ಕೂದಲೆಳೆಯಷ್ಟೂ ಹೆಚ್ಚಿಲ್ಲ ಅಂತಲೂ ಅನ್ನಿಸಿತು. ಮುರಿದ ತುಂಡಿನಿಂದಲೇ ದಪ್ಪಗೆ ತಿದ್ದಿದಳು.

"ಮೂಲೆಯ ಗೂಟ ಹಾಗೇ ಇದೆ," ಅಂದಳು, ಹಲಗೆಯ ಕಡೆಗೇ ನೋಡುತ್ತ. "ರೋಗ ಇರೋ ಒಂಬತ್ತನ್ನೂ ಆ ಕಡೆಗೇ ಕಟ್ಟಬೇಕು. ಇದು ಹತ್ತನೇದು."

"ನಾನು ಬರ್ತೀನಿ ಅಂತ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಆ ಕಡಸಿನ ಗೊರಸು ಅರ್ಧಕ್ಕೆ ಬಿಟ್ಟು ಹೋಗಿದ್ದೀರಿ. ಕುಂಟ್ತಾ ಇದೆ."

ಗೊರಸಣ್ಣ ಬೇಲಿಯ ಮೇಲಿಂದ ಒಳಗೆ ನೋಡಿದ. ಅದು ಕುಂಟುತ್ತಿತ್ತು. "ಅರ್ಧಕ್ಕೆ ಬಿಡಿಸಿದವರು ಯಾರು?" ಅಂದ. ಆದರೂ ಕಣ್ಣು ಅದರ ಕಾಲಿನ ಮೇಲೇ ಇತ್ತು. "ಮೊದಲು ಆ ಇಕ್ಕಳ ತಂದು ಒಲೆ ಮೇಲಿಡಿ. ನನ್ನ ಕಣ್ಣೆದುರಿಗೆ ಕುದೀಬೇಕು. ಉಳಿದದ್ದು ಆಮೇಲೆ."

ಅವಳು ಒಳಗೆ ಹೋಗಿ ಗ್ಯಾಸ್ ಒಲೆಯನ್ನೇ ಹೊರಗೆ ತಂದು, ಪಾತ್ರೆಯಲ್ಲಿ ನೀರಿಟ್ಟು, ಸೂಜಿಯನ್ನು ಬ್ರಷ್ಷಿನಲ್ಲಿ ಉಜ್ಜಿ ಇಕ್ಕಳದ ಸಮೇತ ಮುಳುಗಿಸಿದಳು. ಇಬ್ಬರೂ ಪಾತ್ರೆಯ ಎರಡು ಕಡೆ ನಿಂತು, ಪಂಚಾಯ್ತಿಗೆ ಬಂದ ದಾಯಾದಿಗಳ ಹಾಗೆ, ತಳದಿಂದ ಏಳುವ ಗುಳ್ಳೆಗಳನ್ನು ನೋಡುತ್ತಿದ್ದರು. ಕೊಟ್ಟಿಗೆಯ ಬಾಗಿಲಲ್ಲಿ ತಮ್ಮ ಬಂದು ನಿಂತು, ಹಲಗೆ ಓದಿ, ಬಂದ ಹಾಗೇ ಒಳಗೆ ಹೋದ.

ನೀರು ಇನ್ನೇನು ಮರಳಬೇಕು, ಗೊರಸಣ್ಣನ ಕೈಯಲ್ಲಿ ಹಗ್ಗ ಸಡಿಲವಾಗಿತ್ತು. ತುರಿಕೆ ತಡೆಯಲಾರದೆ ಚುಕ್ಕಿ ಎರಡು ಹೆಜ್ಜೆ ಸರಿದು, ಆ ಜೋತುಬಿದ್ದ ಎಡಗಿವಿಯನ್ನು ಗೇಟಿನ ಕಂಬಕ್ಕೆ, ಎಲ್ಲ ಕಡಸುಗಳೂ ಹೋಗುವಾಗ ಬರುವಾಗ ಮೈ ತಾಗಿಸುವ ಆ ಕಂಬಕ್ಕೇ, ಹಿತವಾಗಿ ಉಜ್ಜತೊಡಗಿತು.

"ಹೇಯ್!" ಅಂತ ಇಬ್ಬರೂ ಒಟ್ಟಿಗೇ ಕಿರುಚಿದರು.

"ಹಿಡೀರಿ ಅಕ್ಕ, ಹಗ್ಗ ಹಿಡೀರಿ!"

ಅವಳು ಹಗ್ಗ ಹಿಡಿದು ಎಳೆದಳು. ಅವನು ಆಗಲೇ ಕಂಬ ತೊಳೆಯಲು ಬಕೆಟ್ಟು, ಕಸಬರಿಕೆ ಹುಡುಕಿಕೊಂಡು, ದಾರಿಯುದ್ದಕ್ಕೂ ಅವಳನ್ನೂ ಅವಳ ತಮ್ಮನನ್ನೂ ಹೆಸರು ಹಿಡಿದು ಬೈಯುತ್ತ, ಕೊಟ್ಟಿಗೆಯೊಳಕ್ಕೆ ಓಡಿದ್ದ.